ನಡುರಾತ್ರಿಯ ಹನ್ನೊಂದು ನಿಮಿಷ

ದಿನಾ ರಾತ್ರಿ ಒಂದೇ ಹೊತ್ತಿಗೆ ಕೆಲವು ವೆಬ್‌ಸೈಟ್‌ಗಳು ಸ್ತಬ್ಧವಾಗುವುದೇಕೆ? ನಾಳೆಗೆಂದು ಎತ್ತಿಡುವ ಪ್ರತಿಗಾಗಿ ಇಂದು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಲೇಬೇಕೆ?

ಮಸ್ಕತ್‌ನಿಂದ ಒಂದು ಇ-ಮೇಲ್ ಬಂತು. ಬರೆದವರು ಅಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿರುವ, ನಮ್ಮ ಕರಾವಳಿ ಕಡೆಯವರು. ‘ಸರ್, ನಿಮ್ಮ ಪದಕೋಶದ ವೆಬ್‌ಸೈಟ್ ದಿನಾ ರಾತ್ರಿ ಹತ್ತೂವರೆಗೆ ಸರಿಯಾಗಿ ನಿಂತುಹೋಗುತ್ತದೆ. ನನ್ನ ಡ್ಯೂಟಿ ಮುಗಿಯುವುದೇ ಹತ್ತಕ್ಕೆ. ರೂಮಿಗೆ ಬಂದು, ಊರಲ್ಲಿರುವ ಮಗಳಿಗೆ ದಿನಕ್ಕೊಂದು ನಮ್ಮ ಕಡೆಯ ಪದ ಹುಡುಕಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇನೆ. ಬೆಳಿಗ್ಗೆ ಎದ್ದು ಓದುತ್ತಾಳೆ. ನಿನ್ನೆ ‘ಗೊರಬು’ ಹುಡುಕುತ್ತಿದ್ದೆ, ಸಿಗಲಿಲ್ಲ. ದಯವಿಟ್ಟು ನೋಡಿ.’

ಊರೂರಿನ ಮನೆಮಾತಿನ ಪದಗಳನ್ನು ಕೂಡಿಸಿಡುವ ಆ ತಾಣವನ್ನು ನಾವು ನಾಲ್ಕು ಜನ ಗೆಳೆಯರು ಬಿಡುವಿನ ವೇಳೆಯಲ್ಲಿ ನಡೆಸುತ್ತೇವೆ. ಸರ್ವರ್ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಅವತ್ತೇ ರಾತ್ರಿ ಹತ್ತೂವರೆಗೆ ಕೂತು ನೋಡಿದೆ. ತಾಣ ಚೆನ್ನಾಗಿಯೇ ತೆರೆದುಕೊಂಡಿತು. ಮರುದಿನವೂ ಅಷ್ಟೆ. ‘ನಮ್ಮ ಕಡೆ ಎಲ್ಲ ಸರಿಯಿದೆ, ನಿಮ್ಮ ಇಂಟರ್‌ನೆಟ್ ಒಮ್ಮೆ ನೋಡಿಕೊಳ್ಳಿ’ ಎಂದು ಉತ್ತರ ಬರೆದು ಸುಮ್ಮನಾದೆ.

ಎರಡು ವಾರ ಕಳೆದು ಇನ್ನೊಂದು ಇ-ಮೇಲ್ ಬಂತು. ಈ ಸಲ ಅದರಲ್ಲಿ ಮೊಬೈಲ್ ಪರದೆಯ ಚಿತ್ರವಿತ್ತು. ಬಿಳಿ ಪರದೆಯ ಮೇಲೆ ‘ಎರರ್ ಎಸ್ಟಾಬ್ಲಿಶಿಂಗ್ ಎ ಡೇಟಾಬೇಸ್ ಕನೆಕ್ಷನ್’ ಎಂಬ ಒಂದೇ ಸಾಲು. ಮೂಲೆಯಲ್ಲಿ ಗಡಿಯಾರ: 10.34. ಆಗ ಹೊಳೆಯಿತು. ಒಮಾನ್ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಅವರ ಹತ್ತೂವರೆ ಎಂದರೆ ನಮ್ಮ ನಡುರಾತ್ರಿ ಹನ್ನೆರಡು. ನಾನು ನೋಡಿದ ಹೊತ್ತೇ ಬೇರೆ, ಅವರು ಹೇಳಿದ ಹೊತ್ತೇ ಬೇರೆ.

ಆ ರಾತ್ರಿ ಹನ್ನೆರಡಕ್ಕೆ ಕೂತೆ. ಡೇಟಾಬೇಸ್‌ನಲ್ಲಿ ಯಾವ ಕ್ಷಣಕ್ಕೆ ಯಾವ ಕೆಲಸ ನಡೆಯುತ್ತಿದೆ ಎಂದು ತೋರಿಸುವ ಪಟ್ಟಿಯನ್ನು ತೆರೆದಿಟ್ಟುಕೊಂಡಿದ್ದೆ. 11.59ಕ್ಕೆ ಎರಡು ಮೂರು ಸಾಲುಗಳು ಬಂದು ಹೋಗುತ್ತಿದ್ದವು. ಹನ್ನೆರಡು ಹೊಡೆದದ್ದೇ ಒಂದು ಸಾಲು ಬಂದು ಕೂತಿತು, ಕದಲಲಿಲ್ಲ. ಅದು ಬ್ಯಾಕಪ್. ಅದರ ಕೆಳಗೆ ಒಂದೊಂದಾಗಿ ಬೇರೆ ಸಾಲುಗಳು ಬಂದು ನಿಲ್ಲತೊಡಗಿದವು. ಎಲ್ಲದರ ಪಕ್ಕದಲ್ಲೂ ಒಂದೇ ಟಿಪ್ಪಣಿ: ‘ಲಾಕ್‌ಗಾಗಿ ಕಾಯುತ್ತಿದೆ’. ಹತ್ತು, ಮೂವತ್ತು, ಎಪ್ಪತ್ತು, ನೂರು. 151 ತಲುಪಿದ ಮೇಲೆ ಪಟ್ಟಿ ಬೆಳೆಯುವುದು ನಿಂತಿತು, ವೆಬ್‌ಸೈಟ್ ಕೂಡ ನಿಂತಿತು. 12 ಗಂಟೆ 11 ನಿಮಿಷಕ್ಕೆ ಬ್ಯಾಕಪ್ ಮುಗಿಯಿತು. ಒಂದೇ ಉಸಿರಿಗೆ ಸಾಲು ಕರಗಿ, ತಾಣ ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು. ವರ್ಷಗಟ್ಟಲೆ ಪ್ರತಿ ರಾತ್ರಿ ಇದು ನಡೆದಿತ್ತು. ನಾವೆಲ್ಲ ನಿದ್ದೆಯಲ್ಲಿದ್ದೆವು.

ಲೆಕ್ಕದ ಪುಸ್ತಕಕ್ಕೆ ಬೀಗ

‘ಸರ್ವರ್ ಇಲ್ಲ, ಆಮೇಲೆ ಬನ್ನಿ’ ಎಂಬ ಮಾತು ಇವತ್ತು ನಮ್ಮ ನಾಡಕಚೇರಿಯಿಂದ ಪಡಿತರ ಅಂಗಡಿಯವರೆಗೆ ಎಲ್ಲೆಡೆ ಕೇಳುತ್ತದೆ. ಅದರ ಹಿಂದೆ ಕಾರಣಗಳು ಹಲವಿರಬಹುದು: ಕರೆಂಟು, ನೆಟ್‌ವರ್ಕ್, ಒಮ್ಮೆಲೇ ನುಗ್ಗಿದ ಜನ. ಆದರೆ ತಾಣವೊಂದು ದಿನಾ ಒಂದೇ ಹೊತ್ತಿಗೆ ನಿಂತು, ದಿನಾ ಒಂದೇ ಹೊತ್ತಿಗೆ ಎದ್ದರೆ ಮೊದಲು ಅನುಮಾನಿಸಬೇಕಾದ್ದು ಬ್ಯಾಕಪ್ಪನ್ನು. ಕೆಟ್ಟುಹೋದ ಯಂತ್ರ ಗಡಿಯಾರ ನೋಡಿ ಕೆಡುವುದಿಲ್ಲ.

ಪ್ರತಿ ತೆಗೆಯಲು ಬಾಗಿಲು ಯಾಕೆ ಮುಚ್ಚಬೇಕು? ಇದಕ್ಕೆ ಹಳ್ಳಿಯ ಸಹಕಾರ ಸಂಘದ ಲೆಕ್ಕದ ಪುಸ್ತಕವನ್ನು ನೆನೆಸಿಕೊಂಡರೆ ಸಾಕು. ನೂರು ಪುಟದ ಪುಸ್ತಕ, ಪುಟಕ್ಕೊಬ್ಬ ಸದಸ್ಯನ ಖಾತೆ. ಗುಮಾಸ್ತರು ಮೊದಲ ಪುಟದಿಂದ ನಕಲು ಇಳಿಸುತ್ತ ಕೂತಿದ್ದಾರೆ. ಹತ್ತನೆಯ ಪುಟ ಮುಗಿಸಿ ಹನ್ನೊಂದಕ್ಕೆ ಹೋದರು. ಅಷ್ಟರಲ್ಲಿ ಕಾರ್ಯದರ್ಶಿಗಳು ಬಂದು, ಹತ್ತನೆಯ ಪುಟದ ಖಾತೆಯಿಂದ 5,000 ರೂಪಾಯಿ ಕಳೆದು ಅರವತ್ತನೆಯ ಪುಟದ ಖಾತೆಗೆ ಸೇರಿಸಿದರು. ಗುಮಾಸ್ತರು ಅರವತ್ತನೆಯ ಪುಟಕ್ಕೆ ಬಂದಾಗ ಅಲ್ಲಿ ಹೊಸ ಮೊತ್ತ ಕಾಣಿಸಿತು, ಇದ್ದಂತೆಯೇ ಬರೆದುಕೊಂಡರು. ಮೂಲ ಪುಸ್ತಕದಲ್ಲಿ ಲೆಕ್ಕ ಸರಿಯಿದೆ. ನಕಲಿನಲ್ಲಿ ಮಾತ್ರ ಅದೇ 5,000 ಎರಡು ಕಡೆ ಇದೆ. ಹಣ ಹಿಂದುಮುಂದಾಗಿ ಹೋಗಿದ್ದರೆ ನಕಲಿನಲ್ಲಿ ಅದು ಯಾವ ಕಡೆಯೂ ಇರುತ್ತಿರಲಿಲ್ಲ. ಗುಮಾಸ್ತರು ಒಂದಕ್ಷರವನ್ನೂ ತಪ್ಪು ಬರೆದಿಲ್ಲ. ಆದರೂ ನಕಲು ಸುಳ್ಳು ಹೇಳುತ್ತದೆ.

ಇದನ್ನು ತಪ್ಪಿಸಲು ಇರುವ ಅತ್ಯಂತ ಹಳೆಯ ಉಪಾಯ ಬೀಗ. ನಕಲು ಮುಗಿಯುವವರೆಗೆ ಪುಸ್ತಕದಲ್ಲಿ ಯಾರೂ ಬರೆಯುವಂತಿಲ್ಲ. ಡೇಟಾಬೇಸ್‌ಗಳಲ್ಲಿ ಇದಕ್ಕೆ ‘ಲಾಕ್’ ಎನ್ನುತ್ತಾರೆ. ಸಣ್ಣಪುಟ್ಟ ವೆಬ್‌ಸೈಟ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಹಳೆಯ ಮೈಐಸ್ಯಾಮ್ ಮಾದರಿಯ ಕೋಷ್ಟಕಗಳಲ್ಲಿ ಬೀಗ ಬಿದ್ದರೆ ಇಡೀ ಕೋಷ್ಟಕಕ್ಕೇ ಬೀಳುತ್ತದೆ.

ಓದಲು ಬಂದವರಿಗೆ ಇದರಿಂದ ಏನು ತೊಂದರೆ? ಬೀಗ ಇರುವುದು ಬರೆಯುವುದಕ್ಕೆ ಮಾತ್ರವಲ್ಲವೆ? ನನಗೂ ಇದೇ ಪ್ರಶ್ನೆ ಕಾಡಿತು. ಉತ್ತರ ಸಿಕ್ಕಿದ್ದು ಪುಟದ ತಳದಲ್ಲಿ, ‘ಈ ಪದವನ್ನು ಇಷ್ಟು ಬಾರಿ ನೋಡಲಾಗಿದೆ’ ಎಂಬ ಪುಟ್ಟ ಅಂಕಿಯಲ್ಲಿ. ಯಾರಾದರೂ ಒಂದು ಪದವನ್ನು ತೆರೆದರೆ ಸಾಕು, ಆ ಅಂಕಿಗೆ ಒಂದು ಕೂಡಿಸಬೇಕು. ಕೂಡಿಸುವುದೆಂದರೆ ಬರೆಯುವುದು. ಬ್ಯಾಕಪ್ ನಡೆಯುತ್ತಿರುವಾಗ ಆ ಬರಹ ಕಾಯುತ್ತದೆ. ಈ ಮಾದರಿಯ ಕೋಷ್ಟಕದಲ್ಲಿ ಬರೆಯಲು ಕಾದಿರುವವರಿಗೆ ಆದ್ಯತೆ ಇರುವುದರಿಂದ, ಅವರ ಹಿಂದೆ ಬಂದವರು ಬರೀ ಓದಲು ಬಂದಿದ್ದರೂ ಸಾಲಿನಲ್ಲೇ ನಿಲ್ಲಬೇಕು. ಮೈಎಸ್‌ಕ್ಯೂಎಲ್ ತಾನಾಗಿ ಒಮ್ಮೆಗೆ ಒಪ್ಪಿಕೊಳ್ಳುವ ಸಂಪರ್ಕಗಳು 151. ಸಾಲು ಅಷ್ಟುದ್ದ ಬೆಳೆದ ಮೇಲೆ 152ನೆಯವರಿಗೆ ಬಾಗಿಲೇ ತೆರೆಯುವುದಿಲ್ಲ. ಮಸ್ಕತ್‌ನ ಆ ಓದುಗರಿಗೆ ಕಂಡದ್ದು ಆ ಮುಚ್ಚಿದ ಬಾಗಿಲು. ಎಷ್ಟು ಜನ ನೋಡಿದರೆಂದು ಎಣಿಸಲು ಇಟ್ಟ ಅಂಕಿಯೇ ನೋಡಲು ಬಂದವರನ್ನು ತಡೆದಿತ್ತು.

ಬೀಗವಿಲ್ಲದಿದ್ದರೂ ತಾಣ ಏದುಸಿರು ಬಿಡುವುದಕ್ಕೆ ಇನ್ನೂ ಎರಡು ಕಾರಣಗಳಿವೆ. ಬ್ಯಾಕಪ್ ಇಡೀ ಡಿಸ್ಕ್ ಅನ್ನು ಮೊದಲಿಂದ ಕೊನೆಯವರೆಗೆ ಓದುತ್ತದೆ; ಆ ಹೊತ್ತಿಗೆ ಬೇರೆ ಯಾರೇ ಓದಲು ಬಂದರೂ ಅದೇ ಕಿರುದಾರಿಯಲ್ಲಿ ನುಸುಳಬೇಕು. ಓದಿದ್ದನ್ನು ಚಿಕ್ಕದಾಗಿ ಒತ್ತಿ ಕಟ್ಟಿಡುವ ಕೆಲಸ ಪ್ರೊಸೆಸರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಗ್ಗದ ಹೋಸ್ಟಿಂಗ್‌ನಲ್ಲಿ ಒಂದೇ ಯಂತ್ರವನ್ನು ನೂರಾರು ತಾಣಗಳು ಹಂಚಿಕೊಂಡಿರುತ್ತವೆ. ಅಲ್ಲಿ ನಿಮ್ಮ ಬ್ಯಾಕಪ್ ಇಲ್ಲದಿದ್ದರೂ ಪಕ್ಕದವರ ಬ್ಯಾಕಪ್ ನಿಮ್ಮನ್ನು ನಿಧಾನ ಮಾಡುತ್ತದೆ.

ಎಲ್ಲರಿಗೂ ಹನ್ನೆರಡೇ ಏಕೆ?

ಲಿನಕ್ಸ್ ಮತ್ತು ಯೂನಿಕ್ಸ್ ಸರ್ವರ್‌ಗಳಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಆಳಿನ ಹೆಸರು ‘ಕ್ರಾನ್’. 1970ರ ದಶಕದ ಯೂನಿಕ್ಸ್‌ನಿಂದ ಇಂದಿನವರೆಗೆ ಇದು ನಡೆದುಕೊಂಡು ಬಂದಿದೆ. ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ: ಈ ಐದನ್ನು ಬರೆದು ಮುಂದೆ ಕೆಲಸದ ಹೆಸರು ಹಾಕಿದರೆ ಮುಗಿಯಿತು. ಐದನ್ನೂ ಬರೆಯುವ ತಾಳ್ಮೆ ಇಲ್ಲದವರಿಗೆ ‘ದಿನಾ’ ಎಂಬರ್ಥದ ಒಂದೇ ಪದದ ಸೂಚನೆಯೂ ಇದೆ. ಅದನ್ನು ಬಳಸಿದರೆ ಕ್ರಾನ್ ತೆಗೆದುಕೊಳ್ಳುವ ಹೊತ್ತು 00.00. ಹೀಗಾಗಿ ಹೊತ್ತಿನ ಬಗ್ಗೆ ಯೋಚಿಸದೆ ಬಿಟ್ಟ ಕೆಲಸಗಳೆಲ್ಲ ತಾವಾಗಿಯೇ ಹನ್ನೆರಡಕ್ಕೆ ಬಂದು ಗುಂಪುಗೂಡುತ್ತವೆ.

ಇದರ ಹಿಂದೆ ಇನ್ನೂ ಹಳೆಯ ಒಂದು ಅಭ್ಯಾಸವಿದೆ. ಕಂಪ್ಯೂಟರ್ ಎಂದರೆ ಕೋಣೆಯಷ್ಟು ದೊಡ್ಡ ಯಂತ್ರವಾಗಿದ್ದ ಕಾಲದಲ್ಲಿ ಹಗಲು ಗ್ರಾಹಕರದು, ರಾತ್ರಿ ಲೆಕ್ಕದ್ದು. ಬ್ಯಾಂಕಿನ ಶಾಖೆ ಸಂಜೆ ಬಾಗಿಲು ಹಾಕಿದ ಮೇಲೆ ದಿನದ ವಹಿವಾಟು ಮುಗಿಸಿ, ಬಡ್ಡಿ ಹಾಕಿ, ಟೇಪಿನ ಮೇಲೆ ಪ್ರತಿ ತೆಗೆದು, ಆ ಟೇಪನ್ನು ಬೇರೊಂದು ಕಟ್ಟಡದಲ್ಲಿಡುವ ಕ್ರಮವಿತ್ತು. ‘ಡೇ ಎಂಡ್’ ಎಂಬ ಮಾತು ಬ್ಯಾಂಕಿನವರ ಬಾಯಲ್ಲಿ ಇವತ್ತಿಗೂ ಇದೆ. ಆಗ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಏಕೆಂದರೆ ರಾತ್ರಿ ಬ್ಯಾಂಕಿಗೆ ಹೋಗುವವರೇ ಇರಲಿಲ್ಲ.

ರೈಲು ಟಿಕೆಟ್ ಕಾದಿರಿಸುವವರಿಗೆ ಈ ಅಭ್ಯಾಸದ ಪರಿಚಯ ಚೆನ್ನಾಗಿಯೇ ಇದೆ. ಐಆರ್‌ಸಿಟಿಸಿ ತಾಣದಲ್ಲಿ 2002ರಿಂದ ಟಿಕೆಟ್ ಸಿಗುತ್ತಿದೆ. ಅದರ ಹಿಂದಿರುವ ದೇಶದಾದ್ಯಂತದ ಕಾದಿರಿಸುವ ವ್ಯವಸ್ಥೆಯನ್ನು ನೋಡಿಕೊಳ್ಳುವುದು 1986ರಲ್ಲಿ ಸ್ಥಾಪನೆಯಾದ, ರೈಲ್ವೆಯದೇ ಆದ ‘ಕ್ರಿಸ್’ ಸಂಸ್ಥೆ. ಅಲ್ಲಿ ರಾತ್ರಿ 11.45ರಿಂದ 12.20ರವರೆಗೆ ನಿರ್ವಹಣೆಗೆಂದು ಟಿಕೆಟ್ ಕೊಡುವುದು ನಿಲ್ಲುತ್ತದೆ. ದಿನಕ್ಕೆ ಬರೀ 35 ನಿಮಿಷ. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 213 ಗಂಟೆ, ಅಂದರೆ ಒಂಬತ್ತು ದಿನಕ್ಕೆ ಹತ್ತಿರ. ಆದರೂ ಜನ ಇದನ್ನು ಹೊಂದಿಸಿಕೊಂಡಿದ್ದಾರೆ. ಕಾರಣ, ಆ ಹೊತ್ತು ಮೊದಲೇ ಗೊತ್ತು. 2021ರ ನವೆಂಬರ್‌ನಲ್ಲಿ, ಕೊರೊನಾ ಕಾಲದ ವಿಶೇಷ ರೈಲುಗಳನ್ನು ಮತ್ತೆ ಮಾಮೂಲಿ ಸಂಖ್ಯೆಗಳಿಗೆ ತರುವಾಗ, ಒಂದು ವಾರ ಪ್ರತಿ ರಾತ್ರಿ 11.30ರಿಂದ ಬೆಳಗಿನ 5.30ರವರೆಗೆ ಕಾದಿರಿಸುವುದನ್ನು ರೈಲ್ವೆ ನಿಲ್ಲಿಸಿತ್ತು. ಅದನ್ನೂ ಮುಂಚೆಯೇ ಸಾರಿ ಹೇಳಿತ್ತು. ಹೇಳಿ ಮುಚ್ಚಿದ ಬಾಗಿಲಿಗೂ ಹೇಳದೆ ಮುಚ್ಚಿದ ಬಾಗಿಲಿಗೂ ಬಹಳ ಅಂತರವಿದೆ. ಹೇಳಿದ್ದರೆ ಬಂದವರು ಕಾಯುತ್ತಾರೆ. ಹೇಳದಿದ್ದರೆ ತಪ್ಪು ತಮ್ಮದೇ ಇರಬೇಕೆಂದು ಮೊಬೈಲ್ ಆಫ್ ಮಾಡಿ ಆನ್ ಮಾಡುತ್ತಾರೆ, ಮತ್ತೆ ಮತ್ತೆ ಬಟನ್ ಒತ್ತುತ್ತಾರೆ, ಕೊನೆಗೆ ಸೋತು ಹೋಗಿಬಿಡುತ್ತಾರೆ.

ಯಾರ ರಾತ್ರಿ?

‘ಆ ಹೊತ್ತಿಗೆ ಯಾರಿರುತ್ತಾರೆ?’ ಬ್ಯಾಕಪ್ ಹೊತ್ತು ಗೊತ್ತುಮಾಡುವವರೆಲ್ಲ ಕೇಳಿಕೊಳ್ಳುವ ಪ್ರಶ್ನೆ ಇದು. ಉತ್ತರವನ್ನು ಹುಡುಕದೆಯೇ ‘ಯಾರೂ ಇಲ್ಲ’ ಎಂದು ನಾವು ಮುಂದೆ ಹೋಗುತ್ತೇವೆ.

ಇರುವವರು ಯಾರು ಎಂದು ನೋಡೋಣ. ನಮ್ಮಲ್ಲಿ ಹನ್ನೆರಡಾದಾಗ ದುಬೈ, ಮಸ್ಕತ್‌ಗಳಲ್ಲಿ ಹತ್ತೂವರೆ. ದೋಹಾ, ಕುವೈತ್‌ಗಳಲ್ಲಿ ಒಂಬತ್ತೂವರೆ. ಕೆಲಸ ಮುಗಿಸಿ ಊರಿನ ಸುದ್ದಿ ನೋಡಲು ಜನ ಕೂರುವುದೇ ಆಗ. ಲಂಡನ್‌ನಲ್ಲಿ ಸಂಜೆ, ನ್ಯೂಜೆರ್ಸಿಯಲ್ಲಿ ಮಧ್ಯಾಹ್ನ. ದೂರ ಬೇಡ, ನಮ್ಮ ಊರುಗಳಲ್ಲೇ ಆಸ್ಪತ್ರೆಯ ರಾತ್ರಿಪಾಳಿಯ ದಾದಿಯರು, ಬೆಂಗಳೂರಿನ ಹೊರವಲಯದ ಕಂಪನಿಗಳ ನೌಕರರು, ಲಾರಿ ಚಾಲಕರು ಎದ್ದಿರುತ್ತಾರೆ. ಕರಾವಳಿಯ ಗದ್ದೆಯಲ್ಲಿ ಇಡೀ ರಾತ್ರಿಯ ಬಯಲಾಟ ನಡೆಯುತ್ತಿದ್ದರೆ ಹನ್ನೆರಡೆಂಬುದು ಪ್ರಸಂಗ ಕಾವೇರುವ ಹೊತ್ತು.

ಎಲ್ಲರಿಗಿಂತ ಹೆಚ್ಚು ಪೆಟ್ಟು ತಿನ್ನುವವರು ಅರ್ಜಿ ಹಾಕುವವರು. ‘ಕೊನೆಯ ದಿನಾಂಕ ಇಂತಿಷ್ಟು, ರಾತ್ರಿ 11.59ರೊಳಗೆ’ ಎಂದು ಪ್ರಕಟಣೆ ಇರುತ್ತದೆ. ಹಗಲೆಲ್ಲ ದುಡಿದು, ಜಾತಿ-ಆದಾಯ ಪ್ರಮಾಣಪತ್ರದ ಫೋಟೊ ಹಿಡಿದು, ಸೈಬರ್ ಸೆಂಟರ್‌ನಲ್ಲೋ ಮೊಬೈಲ್‌ನಲ್ಲೋ ಅರ್ಜಿ ತುಂಬುವ ಹುಡುಗಿಗೆ ಸಿಗುವುದು ರಾತ್ರಿಯ ಆ ಕೊನೆಯ ಗಂಟೆ. ಅದೇ ಗಂಟೆಯಲ್ಲಿ ಬ್ಯಾಕಪ್ ಶುರುವಾದರೆ ಅವಳ ಪಾಲಿಗೆ ಕೊನೆಯ ದಿನ ಒಂದು ಗಂಟೆ ಮುಂಚೆಯೇ ಮುಗಿದಂತೆ. ಗಡುವು ಹಾಕಿದವರಿಗೆ ಬ್ಯಾಕಪ್ಪಿನ ಹೊತ್ತು ಗೊತ್ತಿಲ್ಲ, ಬ್ಯಾಕಪ್ ಹಾಕಿದವರಿಗೆ ಗಡುವು ಗೊತ್ತಿಲ್ಲ. ನಡುವೆ ಸಿಕ್ಕಿಕೊಂಡವಳು ಅವಳು.

ಕಾಲವಲಯದ ತೊಡಕೂ ಇದೆ. ಎಷ್ಟೋ ಸರ್ವರ್‌ಗಳ ಗಡಿಯಾರ ನಡೆಯುವುದು ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿ. ಅದರ ನಡುರಾತ್ರಿ ನಮ್ಮ ಬೆಳಗಿನ ಐದೂವರೆ. ಕಾಫಿ ಲೋಟ ಹಿಡಿದು ಅವತ್ತಿನ ಪತ್ರಿಕೆಯನ್ನೋ ಪಂಚಾಂಗವನ್ನೋ ಮೊಬೈಲ್‌ನಲ್ಲಿ ತೆರೆಯುವ ಹೊತ್ತು. ಸರ್ವರ್ ಅಮೆರಿಕದ ಪಶ್ಚಿಮ ತೀರದ ಸಮಯದಲ್ಲಿದ್ದರೆ ಅಲ್ಲಿನ ನಡುರಾತ್ರಿ ನಮ್ಮಲ್ಲಿ ನಡುಮಧ್ಯಾಹ್ನ. ‘ರಾತ್ರಿ ಹೊತ್ತು ಬ್ಯಾಕಪ್ ಇಟ್ಟಿದ್ದೇವೆ’ ಎಂದು ನೆಮ್ಮದಿಯಾಗಿರುವವರು ಯಾರ ರಾತ್ರಿ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಸೇವೆಯ ಭರವಸೆಯನ್ನು ಶೇಕಡಾವಾರು ಹೇಳುವುದು ಈ ವೃತ್ತಿಯ ರೂಢಿ. ಶೇ 99.9 ಎಂದರೆ ವರ್ಷಕ್ಕೆ ಒಟ್ಟು 8 ಗಂಟೆ 45 ನಿಮಿಷ ಮಾತ್ರ ನಿಲ್ಲಬಹುದು. ನಮ್ಮ ಪದಕೋಶದ ದಿನದ 11 ನಿಮಿಷ ವರ್ಷಕ್ಕೆ 67 ಗಂಟೆಯಾಗುತ್ತದೆ. ಭರವಸೆ ಶೇ 99.2ಕ್ಕೆ ಇಳಿಯುತ್ತದೆ. ಅಂಕಿಯಲ್ಲಿ ಅದು ಏನೂ ಅಲ್ಲದಂತೆ ಕಾಣುತ್ತದೆ. ಆದರೆ ಆ 67 ಗಂಟೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಹಗಲು ಬರುವವರಿಗೆ ತಾಣ ನೂರಕ್ಕೆ ನೂರು ತೆರೆದಿದೆ. ಹತ್ತಕ್ಕೆ ಡ್ಯೂಟಿ ಮುಗಿಸಿ ಬರುವವರಿಗೆ ದಿನಾ ಮುಚ್ಚಿದೆ.

ಬಾಗಿಲು ಮುಚ್ಚದೆ ಪ್ರತಿ

ಸಮಾಧಾನದ ಸಂಗತಿ ಎಂದರೆ, ಬೀಗ ಹಾಕದೆ ಸರಿಯಾದ ಪ್ರತಿ ತೆಗೆಯುವ ದಾರಿಗಳು ಇವತ್ತು ಸಣ್ಣವರ ಕೈಗೂ ಎಟಕುತ್ತವೆ. ದುಡ್ಡು ಕೊಡುವ ಅಗತ್ಯವೂ ಹಲವು ಸಲ ಇಲ್ಲ.

ಮೊದಲನೆಯದು ಡೇಟಾಬೇಸ್‌ನಲ್ಲೇ ಇದೆ. ಸಹಕಾರ ಸಂಘದ ಪುಸ್ತಕಕ್ಕೆ ಮತ್ತೆ ಬರೋಣ. ಗುಮಾಸ್ತರು ನಕಲು ಶುರುಮಾಡಿದ ಮೇಲೆ ಯಾರಾದರೂ ಒಂದು ಪುಟ ತಿದ್ದಬೇಕಾದರೆ, ಹಳೆಯ ಪುಟವನ್ನು ಹರಿಯದೆ ಪಕ್ಕಕ್ಕಿಟ್ಟು, ಹೊಸ ಹಾಳೆಯಲ್ಲಿ ತಿದ್ದುವುದು. ಗುಮಾಸ್ತರಿಗೆ ಹಳೆಯ ಹಾಳೆಗಳನ್ನೇ ಕೊಡುವುದು. ಉಳಿದವರೆಲ್ಲ ಹೊಸ ಹಾಳೆ ನೋಡುವುದು. ನಕಲು ಮುಗಿದ ಮೇಲೆ ಹಳೆಯವನ್ನು ಎಸೆಯುವುದು. ಗುಮಾಸ್ತರ ಕೈಗೆ ಹನ್ನೆರಡು ಗಂಟೆಯ ಆ ಒಂದು ಕ್ಷಣದ ಪುಸ್ತಕ ಸಿಗುತ್ತದೆ, ಸಂಘದ ವ್ಯವಹಾರವೂ ನಿಲ್ಲುವುದಿಲ್ಲ. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ಮಾದರಿಯ ಕೋಷ್ಟಕಗಳು ಕೆಲಸ ಮಾಡುವುದು ಹೀಗೆ. 2010ರಲ್ಲಿ ಬಂದ 5.5ನೆಯ ಆವೃತ್ತಿಯಿಂದ ಹೊಸ ಕೋಷ್ಟಕಗಳು ತಾವಾಗಿ ಇದೇ ಮಾದರಿಯಲ್ಲಿ ಹುಟ್ಟುತ್ತವೆ. ಬ್ಯಾಕಪ್ ಕಮಾಂಡಿಗೆ ‘ಸಿಂಗಲ್ ಟ್ರಾನ್ಸಾಕ್ಷನ್’ ಎಂಬ ಒಂದು ಆಯ್ಕೆ ಸೇರಿಸಿದರೆ ಸಾಕು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಬ್ಯಾಕಪ್ ಸಾಧನವಂತೂ ಹೇಳದೆಯೇ ಹೀಗೆ ನಡೆದುಕೊಳ್ಳುತ್ತದೆ. ಆದರೆ ಹಳೆಯ ತಾಣಗಳಲ್ಲಿ ಹಿಂದೆ ಹುಟ್ಟಿದ ಕೋಷ್ಟಕಗಳು ಹಾಗೇ ಉಳಿದಿರುತ್ತವೆ. ಯಾರಾದರೂ ಕೂತು ಬದಲಿಸಬೇಕು.

ಎರಡನೆಯದು ಜೊತೆಯ ಸರ್ವರ್. ಮುಖ್ಯ ಸರ್ವರ್‌ನಲ್ಲಿ ಬರೆದದ್ದೆಲ್ಲ ಕ್ಷಣಾರ್ಧದಲ್ಲಿ ಇನ್ನೊಂದರಲ್ಲೂ ಬರೆಯುವಂತೆ ಮಾಡಿ, ಬ್ಯಾಕಪ್ಪನ್ನು ಆ ಇನ್ನೊಂದರಿಂದ ತೆಗೆಯುವುದು. ಅದಕ್ಕೆ ಗಂಟೆಗಟ್ಟಲೆ ಬೀಗ ಹಾಕಿದರೂ ಹೊರಗಿನವರಿಗೆ ತಿಳಿಯುವುದಿಲ್ಲ.

ಮೂರನೆಯದು ಸ್ನ್ಯಾಪ್‌ಶಾಟ್. ಡಿಸ್ಕಿನ ಆ ಕ್ಷಣದ ಸ್ಥಿತಿಯನ್ನು ಸೆಕೆಂಡಿನೊಳಗೆ ಹಿಡಿದಿಟ್ಟು, ನಂತರ ನಿಧಾನವಾಗಿ ಅದರಿಂದ ಪ್ರತಿ ಮಾಡಿಕೊಳ್ಳುವುದು. ನಾಲ್ಕನೆಯದು, ದಿನಾ ಎಲ್ಲವನ್ನೂ ನಕಲು ಮಾಡದೆ ಬದಲಾದದ್ದನ್ನು ಮಾತ್ರ ತೆಗೆದುಕೊಂಡು, ಪೂರ್ಣ ಪ್ರತಿಯನ್ನು ವಾರಕ್ಕೊಮ್ಮೆ ಮಾಡುವುದು. ಇವು ಯಾವುದೂ ಆಗದಿದ್ದರೆ ಬ್ಯಾಕಪ್ ಕೆಲಸಕ್ಕೆ ಕಡಿಮೆ ಆದ್ಯತೆ ಕೊಟ್ಟು, ‘ಬೇರೆಯವರಿಗೆ ಮೊದಲು ದಾರಿ ಬಿಡು’ ಎಂದು ಲಿನಕ್ಸ್‌ಗೆ ಹೇಳಬಹುದು. ಹೊತ್ತನ್ನು ಹನ್ನೆರಡರಿಂದ 3.17ಕ್ಕೋ 3.43ಕ್ಕೋ ಸರಿಸಬಹುದು, ಯಾವ ಗಂಟೆಯಲ್ಲಿ ನಿಜಕ್ಕೂ ಜನ ಕಡಿಮೆ ಎಂಬುದನ್ನು ತಾಣದ ದಾಖಲೆಯೇ ಹೇಳುತ್ತದೆ.

ದೊಡ್ಡ ವ್ಯವಸ್ಥೆಗಳೂ ಈ ದಾರಿಗೆ ಬಂದಿವೆ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ನೆಫ್ಟ್ ಸೇವೆ 2019ರ ಡಿಸೆಂಬರ್ 15ರವರೆಗೆ ಕೆಲಸದ ದಿನಗಳಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತ್ರ ಇತ್ತು. ಡಿಸೆಂಬರ್ 16ರಿಂದ ಅದು ವರ್ಷದ ಎಲ್ಲ ದಿನ, ಇಪ್ಪತ್ನಾಲ್ಕು ಗಂಟೆ ನಡೆಯುತ್ತಿದೆ. 2020ರ ಡಿಸೆಂಬರ್ 14ರಿಂದ ಆರ್‌ಟಿಜಿಎಸ್ ಕೂಡ ಹಾಗೆಯೇ. ದಿನ ಮುಗಿಸಿ ಹೊಸ ದಿನ ತೆರೆಯುವ ನಡುವಿನ ಸಣ್ಣ ಬಿಡುವೊಂದನ್ನು ರಿಸರ್ವ್ ಬ್ಯಾಂಕ್ ಹೇಳಿಯೇ ಇಟ್ಟುಕೊಂಡಿದೆ. 2016ರಲ್ಲಿ ಶುರುವಾದ ಯುಪಿಐ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ಪಾವತಿಗಳನ್ನು ದಾಟಿಸಿತು. ಅಷ್ಟು ದೊಡ್ಡ ಲೆಕ್ಕ ರಾತ್ರಿಯೂ ತೆರೆದಿರಬಹುದಾದರೆ ನಮ್ಮ ಸಣ್ಣ ತಾಣಗಳಿಗೆ ನೆಪ ಉಳಿಯುವುದಿಲ್ಲ.

ಮುಚ್ಚಲೇಬೇಕಾದ ಸಂದರ್ಭ ಬಂದರೆ ಅದಕ್ಕೂ ಒಂದು ಮರ್ಯಾದೆಯ ಕ್ರಮವಿದೆ. ವೆಬ್‌ನ ಭಾಷೆಯಲ್ಲಿ 503 ಎಂಬ ಸಂಕೇತಕ್ಕೆ ‘ಸದ್ಯಕ್ಕೆ ಸೇವೆ ಇಲ್ಲ’ ಎಂದರ್ಥ. ಅದರ ಜೊತೆಗೆ ‘ಇಷ್ಟು ಹೊತ್ತಿನ ನಂತರ ಬನ್ನಿ’ ಎಂದು ಹೇಳುವ ಏರ್ಪಾಡೂ ಇದೆ. ಕನ್ನಡದ ತಾಣವಾದರೆ ಕನ್ನಡದಲ್ಲಿ ಎರಡು ಸಾಲು ಸಾಕು: ‘ದಾಖಲೆಗಳ ಪ್ರತಿ ತೆಗೆಯುತ್ತಿದ್ದೇವೆ. 12.20ಕ್ಕೆ ಮತ್ತೆ ತೆರೆಯುತ್ತದೆ.’ ಯಾರಿಗೂ ತಿಳಿಯದ ಇಂಗ್ಲಿಷ್ ದೋಷವಾಕ್ಯಕ್ಕಿಂತ ಇದು ಎಷ್ಟೋ ಮೇಲು.

ಐದು ಪ್ರಶ್ನೆಚಿಹ್ನೆ

ಒಂದು ಭಾನುವಾರ ಕೂತು ನಮ್ಮ ಹಳೆಯ ಕೋಷ್ಟಕಗಳನ್ನೆಲ್ಲ ಬದಲಿಸಲು ನಿರ್ಧರಿಸಿದೆ. ಇಂಥ ಕೆಲಸಕ್ಕೆ ಕೈಹಾಕುವ ಮುಂಚೆ ಬ್ಯಾಕಪ್ ಸರಿಯಿದೆಯೇ ನೋಡಿಕೊಳ್ಳಬೇಕು. ಹಿಂದಿನ ರಾತ್ರಿಯ ಪ್ರತಿಯನ್ನು ಮನೆಯ ಹಳೆಯ ಲ್ಯಾಪ್‌ಟಾಪಿಗೆ ಇಳಿಸಿ, ಅಲ್ಲಿ ಪದಕೋಶವನ್ನು ಮತ್ತೆ ಎಬ್ಬಿಸಿದೆ. ಎಲ್ಲ ಕೋಷ್ಟಕಗಳೂ ಬಂದವು, ಸಾಲುಗಳ ಸಂಖ್ಯೆಯೂ ತಾಳೆಯಾಯಿತು. ಮಸ್ಕತ್‌ನವರು ಕೇಳಿದ್ದ ‘ಗೊರಬು’ ಪದವನ್ನೇ ಹುಡುಕೋಣವೆಂದು ಟೈಪಿಸಿದೆ. ಸಿಗಲಿಲ್ಲ. ಕೋಷ್ಟಕದೊಳಗೇ ಹೋಗಿ ಆ ಸಾಲನ್ನು ತೆರೆದೆ. ಪದವಿರಬೇಕಾದ ಜಾಗದಲ್ಲಿ ಇದ್ದದ್ದು ಇಷ್ಟು: ?????

ಗ, ಅದರ ಒತ್ವ, ರ, ಬ, ಅದರ ಕೊಂಬು. ಯೂನಿಕೋಡ್ ಲೆಕ್ಕದಲ್ಲಿ ಐದು ಚಿಹ್ನೆ. ಐದಕ್ಕೂ ಒಂದೊಂದು ಪ್ರಶ್ನೆಚಿಹ್ನೆ. ಮುಂದಿನ ಸಾಲೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ. ಸಾವಿರಾರು ಪದಗಳು, ಅರ್ಥಗಳು, ಯಾವ ಊರಿನ ಅಜ್ಜಿ ಯಾವ ಸಂದರ್ಭದಲ್ಲಿ ಹೇಳಿದ್ದರೆಂಬ ಟಿಪ್ಪಣಿಗಳು, ಎಲ್ಲವೂ ಪ್ರಶ್ನೆಚಿಹ್ನೆಗಳ ಸಾಲು. ಹಿಂದೆಂದೋ ಬರೆದಿಟ್ಟ ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಅಕ್ಷರಗಳ ಸಂಕೇತ ‘ಲ್ಯಾಟಿನ್-1’ ಎಂದಿತ್ತು. ಯುರೋಪಿನ ಭಾಷೆಗಳಿಗೆಂದು ಇರುವ ಆ ಸಂಕೇತದಲ್ಲಿ ಕನ್ನಡಕ್ಕೆ ಜಾಗವಿಲ್ಲ. ತನಗೆ ಗೊತ್ತಿಲ್ಲದ ಪ್ರತಿ ಅಕ್ಷರದ ಬದಲು ಅದು ಒಂದು ಪ್ರಶ್ನೆಚಿಹ್ನೆ ಬರೆದು ಮುಂದೆ ಸಾಗಿತ್ತು. ಎಲ್ಲಿಯೂ ದೋಷ ಎಂದು ಹೇಳಿರಲಿಲ್ಲ. ಪ್ರತಿ ರಾತ್ರಿ ಹನ್ನೊಂದು ನಿಮಿಷ ಓದುಗರನ್ನು ಹೊರಗೆ ನಿಲ್ಲಿಸಿ ನಾವು ಎತ್ತಿಟ್ಟದ್ದು ಒಂದೇ ಒಂದು ಕನ್ನಡ ಅಕ್ಷರವಿಲ್ಲದ ಕನ್ನಡ ಪದಕೋಶ. ಡಿಸ್ಕ್ ಆ ನಡುವೆ ಕೈಕೊಟ್ಟಿದ್ದರೆ ಉಳಿಯುತ್ತಿದ್ದುದು ಅಷ್ಟೇ.

ನಮ್ಮದು ಸಣ್ಣ ತಾಣ. ದೊಡ್ಡವರಿಗೂ ಇದು ಆಗಿದೆ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಜೊತೆಯ ಸರ್ವರ್ ಎಂದು ತಿಳಿದು ಮುಖ್ಯ ಸರ್ವರ್‌ನ ದತ್ತಾಂಶವನ್ನೇ ಅಳಿಸಿದರು. ತಪ್ಪು ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗಳತ್ತ ತಿರುಗಿದರೆ ದಿನದ ಬ್ಯಾಕಪ್ ಬಹಳ ದಿನಗಳಿಂದ ಆಗಿಯೇ ಇರಲಿಲ್ಲ. ಬ್ಯಾಕಪ್ ಸಾಧನದ ಆವೃತ್ತಿಗೂ ಡೇಟಾಬೇಸ್‌ನ ಆವೃತ್ತಿಗೂ ಹೊಂದುತ್ತಿರಲಿಲ್ಲ. ‘ಬ್ಯಾಕಪ್ ಆಗಿಲ್ಲ’ ಎಂದು ತಿಳಿಸುವ ಇ-ಮೇಲ್‌ಗಳು ಕೂಡ ತಲುಪದೆ ತಿರಸ್ಕೃತವಾಗುತ್ತಿದ್ದವು. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಆ ಆರು ಗಂಟೆಯ ದತ್ತಾಂಶ ಮಾತ್ರ ಹೋಯಿತು. ಆ ಸಂಸ್ಥೆ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಬಹಿರಂಗವಾಗಿ ಬರೆದದ್ದರಿಂದ ಜಗತ್ತಿನ ಎಷ್ಟೋ ಮಂದಿ ತಮ್ಮ ತಮ್ಮ ಬ್ಯಾಕಪ್‌ಗಳನ್ನು ತೆರೆದು ನೋಡುವಂತಾಯಿತು.

ಪ್ರತಿ ಸರಿಯಿದ್ದರೂ ಮೂಲದ ಪಕ್ಕದಲ್ಲೇ ಇದ್ದರೆ ಕೆಲಸಕ್ಕೆ ಬಾರದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರ ಸುಟ್ಟುಹೋದಾಗ, ಬ್ಯಾಕಪ್ಪನ್ನೂ ಅಲ್ಲೇ ಇಟ್ಟುಕೊಂಡಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಸರ್ಕಾರಿ ನೌಕರರು ಕಡತಗಳನ್ನು ಇಟ್ಟುಕೊಳ್ಳುತ್ತಿದ್ದ 858 ಟೆರಾಬೈಟ್‌ನ ಸಂಗ್ರಹ ನಾಶವಾಯಿತು. ಅದು ಅಷ್ಟು ದೊಡ್ಡದೆಂದು ಹೊರಗೆ ಪ್ರತಿ ಇಟ್ಟಿರಲೇ ಇಲ್ಲ. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ ಹೇಳುವುದು ಇದನ್ನೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ.

ಈ ಸೂತ್ರ ಓದಿದಾಗ ನನಗೆ ನೆನಪಾಗುವವಳು ಅತ್ತಿಮಬ್ಬೆ. ಸಾವಿರ ವರ್ಷಗಳ ಹಿಂದೆ, ಪೊನ್ನನ ಶಾಂತಿಪುರಾಣವನ್ನು ಸಾವಿರ ಓಲೆಪ್ರತಿ ಮಾಡಿಸಿ ಹಂಚಿದಳೆಂದು ನಾವು ಶಾಲೆಯಲ್ಲಿ ಓದಿದ್ದೇವೆ. ಹಂಚಿದ್ದೇ ಅದರಲ್ಲಿ ದೊಡ್ಡದು. ಒಂದೇ ಬಸದಿಯಲ್ಲಿ ಸಾವಿರ ಕಟ್ಟು ಪೇರಿಸಿಟ್ಟಿದ್ದರೆ ಒಂದು ಬೆಂಕಿಗೆ, ಒಂದು ಗೆದ್ದಲಿಗೆ ಎಲ್ಲ ಹೋಗುತ್ತಿತ್ತು. ಹಂಚಿದ ಪ್ರತಿಯನ್ನು ಜನ ಬಿಚ್ಚಿ ಓದುತ್ತಾರೆ. ಓದುವಾಗ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಸ್ಕ್ರಿಪ್ಟಿನ ಸಂಕೇತ ತಿದ್ದಿದೆ, ಕೋಷ್ಟಕಗಳನ್ನು ಬದಲಿಸಿದೆ, ಒಂದು ಪ್ರತಿ ದಿನಾ ಬೇರೆ ಊರಿನ ಸರ್ವರ್‌ಗೆ ಹೋಗುವಂತೆ ಮಾಡಿದೆ. ಅವತ್ತು ರಾತ್ರಿ ಹನ್ನೆರಡಕ್ಕೆ ಮತ್ತೆ ಆ ಪಟ್ಟಿ ತೆರೆದು ಕೂತೆ. ಬ್ಯಾಕಪ್ಪಿನ ಸಾಲು ಬಂದು ಕೂತಿತು. ಅದರ ಕೆಳಗೆ ಬೇರೆ ಸಾಲುಗಳು ಬಂದವು, ಹೋದವು. ಯಾವುದೂ ನಿಲ್ಲಲಿಲ್ಲ.

ಮಸ್ಕತ್‌ಗೆ ಇ-ಮೇಲ್ ಬರೆದು, ಮೊದಲ ಸಲ ಸರಿಯಾಗಿ ನೋಡದೆ ಉತ್ತರ ಕೊಟ್ಟದ್ದಕ್ಕೆ ಕ್ಷಮೆ ಕೇಳಿದೆ. ಗೊರಬಿನ ಅರ್ಥವನ್ನೂ ಅದರಲ್ಲೇ ಬರೆದೆ: ನಾಟಿಯ ಹೊತ್ತಿಗೆ ಮಳೆಯಿಂದ ತಲೆ, ಬೆನ್ನು ನೆನೆಯದಂತೆ ಹಾಕಿಕೊಳ್ಳುವ, ಒಣ ಎಲೆ ಹೆಣೆದು ಮಾಡಿದ ಹೊದಿಕೆ. ಅವರ ಉತ್ತರ ಮರುದಿನ ಬಂತು. ‘ಮಗಳಿಗೆ ಕಳಿಸಿದೆ ಸರ್. ನಮ್ಮ ಅಮ್ಮ ಮಳೆಗಾಲಕ್ಕೆ ಮುಂಚೆಯೇ ಅಟ್ಟದಿಂದ ಗೊರಬು ಇಳಿಸಿ, ಅಂಗಳದಲ್ಲಿಟ್ಟು, ಒಂದು ಕೊಡ ನೀರು ಹೊಯ್ದು ನೋಡುತ್ತಿದ್ದರು. ಸೋರುತ್ತದೆಂದು ಗದ್ದೆಯಲ್ಲಿ ಗೊತ್ತಾದರೆ ಏನು ಪ್ರಯೋಜನ ಎನ್ನುತ್ತಿದ್ದರು.’

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಹಳೆಯ ಲ್ಯಾಪ್‌ಟಾಪ್ ತೆಗೆಯುತ್ತೇನೆ. ಹಿಂದಿನ ರಾತ್ರಿಯ ಪ್ರತಿಯನ್ನು ಅದರಲ್ಲಿ ಎಬ್ಬಿಸಿ, ಗೊರಬು ಎಂದು ಹುಡುಕಿ ನೋಡುತ್ತೇನೆ.